ಮನಸ್ಸೆಗೆ 55 ವರ್ಷ, ಯೋಷೀಯನಿಗೆ ಒಂದು ಬಾಣ: ಒಳ್ಳೆಯವರಿಗೆ ಯಾಕೆ ಹೀಗೆ?

ಕೂತು ವಿಡಿಯೋ ನೋಡೋಕೆ ಟೈಮ್ ಸಿಗದೆ ಲೋಕಲ್ ಟ್ರೈನಿನಲ್ಲೋ ಮೆಟ್ರೋದಲ್ಲೋ ಓದಿಕೊಳ್ಳುವವರಿಗಾಗಿ ಈ ಸಂಚಿಕೆಯ ಬರಹ ರೂಪ ಇಲ್ಲಿದೆ. ಮಾತಿನಲ್ಲಿ ಓಡಿಸಿಬಿಟ್ಟ ಕೆಲವು ವಿಷಯಗಳನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಬಿಡಿಸಿ ಬರೆದಿದ್ದೇನೆ.

ಇವತ್ತಿನದು ಇಬ್ಬರು ರಾಜರ ಕಥೆ. ಇಬ್ಬರೂ ಒಂದೇ ಮನೆತನದವರು, ತಾತ ಮತ್ತು ಮೊಮ್ಮಗ. ಬೈಬಲ್ಲಿನ ಪ್ರಕಾರ ತಾತ ಮಹಾ ದುಷ್ಟ, ಮೊಮ್ಮಗ ಮಹಾ ಧರ್ಮಿಷ್ಠ. ಆದರೆ ತಾತ 55 ವರ್ಷ ಆಳಿ, ಹಾಸಿಗೆಯ ಮೇಲೆ ಸತ್ತು, ಅರಮನೆಯ ತೋಟದಲ್ಲೇ ಸಮಾಧಿಯಾದ. ಮೊಮ್ಮಗ 39ನೇ ವಯಸ್ಸಿಗೇ ಈಜಿಪ್ಟಿನ ಫರೋಹನ ಕೈಯಲ್ಲಿ ಹತನಾದ. ಒಳ್ಳೆಯವನಿಗೆ ಒಳ್ಳೆಯದಾಗುತ್ತೆ, ಕೆಟ್ಟವನು ಕೆಡುತ್ತಾನೆ ಅಂತ ಸಾರುವ ಗ್ರಂಥದ ನಟ್ಟನಡುವೆ ಈ ಕಥೆ ಕೂತಿದೆ. ಈ ಲೆಕ್ಕವನ್ನು ತಾಳೆ ಹಾಕೋಕೆ ಆ ಜನ ಮುಂದಿನ ಐನೂರು ವರ್ಷ ಒದ್ದಾಡಿದರು. ಸ್ವರ್ಗ, ನರಕ, ಕೊನೆಯ ತೀರ್ಪು ಅಂತ ನಾವು ಕೇಳುವ ಮಾತುಗಳಲ್ಲಿ ಬಹಳಷ್ಟು ಆ ಒದ್ದಾಟದಿಂದಲೇ ಹುಟ್ಟಿದ್ದು.

ತಾತ

ಜೆರುಸಲೇಮನ್ನು ರಾಜಧಾನಿ ಮಾಡಿಕೊಂಡಿದ್ದ ಯೆಹೂದ ಒಂದು ಸಣ್ಣ ಗುಡ್ಡಗಾಡು ರಾಜ್ಯ. ಉತ್ತರದಲ್ಲಿ ಅಸ್ಸೀರಿಯಾ, ದಕ್ಷಿಣದಲ್ಲಿ ಈಜಿಪ್ಟ್, ನಡುವೆ ಇವರು. ಕ್ರಿ.ಪೂ. 701ರಲ್ಲಿ ಅಸ್ಸೀರಿಯಾದ ಸನ್ಹೇರೀಬ ದಂಡೆತ್ತಿ ಬಂದು ಈ ರಾಜ್ಯವನ್ನು ಧೂಳೆಬ್ಬಿಸಿದ. ಕೋಟೆ ಕಟ್ಟಿದ್ದ 46 ಊರುಗಳನ್ನು ಗೆದ್ದೆ ಅಂತ ಅವನೇ ಕೆತ್ತಿಸಿಕೊಂಡಿದ್ದಾನೆ. ಜೆರುಸಲೇಮ್ ಮಾತ್ರ ಹೇಗೋ ಉಳಿಯಿತು. ಆಗ ಅಲ್ಲಿ ರಾಜನಾಗಿದ್ದವನು ಹಿಜ್ಕೀಯ. ಅವನ ನಂತರ ಅವನ ಮಗ ಮನಸ್ಸೆ ಹನ್ನೆರಡನೇ ವಯಸ್ಸಿಗೆ ಪಟ್ಟಕ್ಕೆ ಬಂದ. 55 ವರ್ಷ! ದಾವೀದನ ವಂಶದಲ್ಲಿ ಇಷ್ಟು ದೀರ್ಘಕಾಲ ಆಳಿದವರು ಇನ್ನೊಬ್ಬರಿಲ್ಲ.

'ಅರಸುಗಳು' ಎಂಬ ಗ್ರಂಥ ಇವನ ಮೇಲೆ ಹೊರಿಸುವ ಆರೋಪಗಳ ಪಟ್ಟಿ ಉದ್ದವಿದೆ. ಬಾಳನಿಗೆ ಬಲಿಪೀಠ ಕಟ್ಟಿಸಿದ, ದೇವಾಲಯದ ಒಳಗೇ ಅಶೇರಾ ದೇವಿಯ ವಿಗ್ರಹ ಇಡಿಸಿದ, ಸ್ವಂತ ಮಗನನ್ನು ಬೆಂಕಿಗೆ ಕೊಟ್ಟ, ನಿರಪರಾಧಿಗಳ ರಕ್ತ ಹರಿಸಿದ. ಅವನಿಗೆ ಏನು ಶಿಕ್ಷೆಯಾಯಿತು ಅಂತ ಹುಡುಕಿದರೆ ಆ ಪುಸ್ತಕದಲ್ಲಿ ಏನೂ ಸಿಗಲ್ಲ. ಸತ್ತ, ಹೂಳಿದರು, ಅಷ್ಟೇ.

ಅಸ್ಸೀರಿಯಾದ ದಾಖಲೆಗಳಲ್ಲಿ ಕಾಣುವ ಮನಸ್ಸೆಯೇ ಬೇರೆ. ಎಸರ್‌ಹದ್ದೋನ್ ಚಕ್ರವರ್ತಿ ನಿನೆವೆಯಲ್ಲಿ ಅರಮನೆ ಕಟ್ಟಿಸುವಾಗ ಮರ, ಕಲ್ಲು ಸಾಗಿಸಿಕೊಟ್ಟ ಸಾಮಂತರ ಪಟ್ಟಿಯಲ್ಲಿ ಯೆಹೂದದ ರಾಜ ಮನಸ್ಸೆಯ ಹೆಸರಿದೆ. ಆಮೇಲೆ ಬಂದ ಅಶುರ್‌ಬನಿಪಾಲನ ಪಟ್ಟಿಯಲ್ಲೂ ಇದೆ. ಅಂದ್ರೆ ಕಪ್ಪ ಕಟ್ಟಿಕೊಂಡು, ತಲೆ ತಗ್ಗಿಸಿಕೊಂಡು, ಯುದ್ಧ ತಪ್ಪಿಸಿದ ರಾಜ. ಸನ್ಹೇರೀಬ ಹಾಳುಮಾಡಿದ್ದ ದೇಶ ಚೇತರಿಸಿಕೊಂಡದ್ದು ಇವನ ಕಾಲದಲ್ಲೇ ಅಂತ ಇಸ್ರೇಲ್ ಫಿಂಕೆಲ್‌ಸ್ಟೈನ್ ಅವರಂಥ ಪುರಾತತ್ವ ತಜ್ಞರು ವಾದಿಸುತ್ತಾರೆ. ಗ್ರಂಥ ಬರೆದವರಿಗೆ ಮುಖ್ಯವಾಗಿದ್ದದ್ದು ದೇವರ ನಿಷ್ಠೆ, ಆರ್ಥಿಕತೆ ಅಲ್ಲ. ಇದನ್ನು ನೆನಪಿಟ್ಟುಕೊಂಡು ಮುಂದೆ ಹೋಗೋಣ.

ಮೊಮ್ಮಗ

ಮನಸ್ಸೆಯ ಮಗ ಎರಡೇ ವರ್ಷ ಆಳಿ, ತನ್ನ ಸೇವಕರ ಕೈಯಲ್ಲೇ ಕೊಲೆಯಾದ. ಆಗ ಎಂಟು ವರ್ಷದ ಹುಡುಗ ಯೋಷೀಯನನ್ನು ಸಿಂಹಾಸನದ ಮೇಲೆ ಕೂರಿಸಿದರು. ಅವನ ಆಳ್ವಿಕೆಯ 18ನೇ ವರ್ಷ, ಸುಮಾರು ಕ್ರಿ.ಪೂ. 622ರಲ್ಲಿ, ದೇವಾಲಯದ ರಿಪೇರಿ ನಡೆಯುತ್ತಿದ್ದಾಗ ಮಹಾಯಾಜಕ ಹಿಲ್ಕೀಯನಿಗೆ ಒಂದು ಧರ್ಮಶಾಸ್ತ್ರದ ಸುರುಳಿ ಸಿಕ್ಕಿತು. ಅದನ್ನು ಓದಿಸಿ ಕೇಳಿದ ರಾಜ ಬಟ್ಟೆ ಹರಿದುಕೊಂಡ. ಆಮೇಲೆ ದೇಶ ತುಂಬಾ ಸುಧಾರಣೆ: ವಿಗ್ರಹಗಳನ್ನು ಸುಡಿಸಿದ, ಬೆಟ್ಟಗಳ ಮೇಲಿನ ಪೂಜಾಸ್ಥಳಗಳನ್ನು ಕೆಡವಿಸಿದ. ಕೆಲವು ಕಡೆ ಅಲ್ಲಿನ ಯಾಜಕರನ್ನೂ ಕೊಲ್ಲಿಸಿದ. ನಮ್ಮ ಕಣ್ಣಿಗೆ ಇದೆಲ್ಲ ಅಷ್ಟು ಸರಳವಾದ ಒಳ್ಳೆಯತನವಾಗಿ ಕಾಣಲ್ಲ. ಆದರೆ ಗ್ರಂಥದ ಅಳತೆಗೋಲಿನಲ್ಲಿ ಇವನಿಗೆ ಸಮನಾದ ರಾಜ ಹಿಂದೆಯೂ ಇರಲಿಲ್ಲ, ಮುಂದೆಯೂ ಬರಲಿಲ್ಲ. ಹುಲ್ದಾ ಎಂಬ ಪ್ರವಾದಿನಿ, ನೀನು ನೆಮ್ಮದಿಯಾಗಿ ಸಮಾಧಿ ಸೇರುತ್ತೀಯ ಅಂತ ಭರವಸೆಯನ್ನೂ ಕೊಟ್ಟಳು.

ಕ್ರಿ.ಪೂ. 609. ಅಸ್ಸೀರಿಯಾ ಕುಸಿಯುತ್ತಿದೆ, ಬಾಬಿಲೋನ್ ಮೇಲೆ ಬರುತ್ತಿದೆ. ಅಸ್ಸೀರಿಯಾಕ್ಕೆ ಬೆಂಬಲ ಕೊಡೋಕೆ ಈಜಿಪ್ಟಿನ ಫರೋಹ ನೆಕೋ ಸೈನ್ಯ ತಗೊಂಡು ಉತ್ತರಕ್ಕೆ ಹೊರಟ. ಯೋಷೀಯ ಮೆಗಿದ್ದೋ ಎಂಬಲ್ಲಿ ಅವನಿಗೆ ಎದುರಾದ. ನೆಕೋ ಅವನನ್ನು ಕೊಂದ. ಇಡೀ ಘಟನೆಗೆ 'ಅರಸುಗಳು' ಗ್ರಂಥ ಕೊಡೋದು ಒಂದೆರಡು ವಾಕ್ಯ ಅಷ್ಟೇ. ಶವವನ್ನು ರಥದಲ್ಲಿ ಜೆರುಸಲೇಮಿಗೆ ತಂದರು. ಇಪ್ಪತ್ತೈದು ವರ್ಷದೊಳಗೆ ಜೆರುಸಲೇಮೂ ಇಲ್ಲ, ದೇವಾಲಯವೂ ಇಲ್ಲ.

ಇದು ಯಾಕೆ ಅಷ್ಟು ದೊಡ್ಡ ಸಮಸ್ಯೆ?

ನಮಗೆ ಇದು ಅಷ್ಟು ದೊಡ್ಡ ಒಗಟು ಅನಿಸದೇ ಇರಬಹುದು. ಒಳ್ಳೆಯವನಿಗೆ ಕಷ್ಟ ಬಂದರೆ 'ಯಾವ ಜನ್ಮದ ಕರ್ಮವೋ' ಅಂದುಬಿಡ್ತೀವಿ. ಲೆಕ್ಕದ ಪುಸ್ತಕ ಎಷ್ಟೋ ಜನ್ಮಗಳಷ್ಟು ಉದ್ದ ಇರೋದರಿಂದ ಹಳೇ ಬಾಕಿಯನ್ನು ಮುಂದಕ್ಕೆ ತಳ್ಳೋಕೆ ಜಾಗ ಇದೆ. ಯೋಷೀಯನ ಕಾಲದ ಯೆಹೂದದಲ್ಲಿ ಆ ಸೌಲಭ್ಯ ಇರಲಿಲ್ಲ. ಇರೋದು ಒಂದೇ ಜನ್ಮ. ಸತ್ತಮೇಲೆ ಎಲ್ಲರೂ ಹೋಗೋದು ಷಿಯೋಲ್ ಎಂಬ ನೆರಳಿನ ಲೋಕಕ್ಕೆ. ಕನ್ನಡ ಬೈಬಲ್ಲಿನಲ್ಲಿ ಅದನ್ನು ಪಾತಾಳ ಅಂತ ಕರೆದಿದ್ದಾರೆ. ಅಲ್ಲಿ ರಾಜ, ಗುಲಾಮ, ಧರ್ಮಿಷ್ಠ, ದುಷ್ಟ ಅನ್ನೋ ಭೇದ ಇಲ್ಲ. ಬಹುಮಾನವೂ ಇಲ್ಲ, ಶಿಕ್ಷೆಯೂ ಇಲ್ಲ. ಹಾಗಾಗಿ ಕೊಡೋದು ತಗೊಳ್ಳೋದು ಎಲ್ಲ ಈ ಭೂಮಿಯ ಮೇಲೇ ಮುಗಿಯಬೇಕು.

ನಿಯಮವೂ ಬಹಳ ಸ್ಪಷ್ಟ. ಧರ್ಮೋಪದೇಶಕಾಂಡದ 28ನೇ ಅಧ್ಯಾಯ ನೋಡಿ. ಆಜ್ಞೆ ಪಾಲಿಸಿದರೆ ಮಳೆ, ಬೆಳೆ, ಮಕ್ಕಳು, ಗೆಲುವು. ಮುರಿದರೆ ರೋಗ, ಬರ, ಸೋಲು, ಪರದೇಶವಾಸ. ಒಟ್ಟು 68 ವಚನಗಳಲ್ಲಿ ಮೊದಲ 14 ಆಶೀರ್ವಾದ, ಉಳಿದ 54 ಶಾಪ! ಮೊದಲನೇ ಕೀರ್ತನೆಯೂ ಇದೇ ಮಾತನ್ನು ಎರಡು ಚಿತ್ರಗಳಲ್ಲಿ ಹೇಳುತ್ತೆ. ಧರ್ಮಿಷ್ಠ ನೀರಿನ ಪಕ್ಕದ ಮರ, ದುಷ್ಟ ಗಾಳಿಗೆ ಹಾರುವ ಹೊಟ್ಟು. ಕಣದಲ್ಲಿ ರಾಗಿ ತೂರಿದ್ದನ್ನು ನೋಡಿದವರಿಗೆ ಆ ಹೊಟ್ಟು ಏನಾಗುತ್ತೆ ಅಂತ ಹೇಳಬೇಕಾಗಿಲ್ಲ.

ಶಾಪದ ಪಟ್ಟಿ ಯಾಕೆ ಅಷ್ಟು ಉದ್ದ? ಇದಕ್ಕೆ ಒಂದು ಸುಳಿವು 1955ರಲ್ಲಿ ಇರಾಕಿನ ನಿಮ್ರುದ್‌ನಲ್ಲಿ ಸಿಕ್ಕಿತು. ಕ್ರಿ.ಪೂ. 672ರಲ್ಲಿ ಎಸರ್‌ಹದ್ದೋನ್ ತನ್ನ ಸಾಮಂತರಿಂದ ಮಾಡಿಸಿಕೊಂಡ ನಿಷ್ಠೆಯ ಒಪ್ಪಂದದ ಮಣ್ಣಿನ ಫಲಕಗಳು ಅವು. 2009ರಲ್ಲಿ ಟರ್ಕಿಯ ತೆಲ್ ತಾಯಿನಾತ್‌ನಲ್ಲೂ ಅದರ ಇನ್ನೊಂದು ಪ್ರತಿ ಸಿಕ್ಕಿದೆ. ನನ್ನ ನಂತರ ನನ್ನ ಮಗನಿಗೆ ನಿಷ್ಠರಾಗಿರಿ, ತಪ್ಪಿದರೆ ಹೀಗೆ ಹೀಗೆ ಆಗುತ್ತೆ ಅಂತ ಪುಟಗಟ್ಟಲೆ ಶಾಪ. ತಲೆಯ ಮೇಲಿನ ಆಕಾಶ, ಕಾಲ ಕೆಳಗಿನ ನೆಲ ಲೋಹವಾಗಲಿ ಎಂಬಂಥ ಶಾಪಗಳು ಎರಡರಲ್ಲೂ ಇವೆ. ಆ ಒಪ್ಪಂದಕ್ಕೆ ಮನಸ್ಸೆಯೂ ಪ್ರಮಾಣ ಮಾಡಿರಬೇಕು ಅಂತ ಅನೇಕ ವಿದ್ವಾಂಸರ ಊಹೆ. ಚಕ್ರವರ್ತಿ ಸಾಮಂತನ ಮೇಲೆ ಹೇರಿದ ಕರಾರಿನ ಭಾಷೆಯನ್ನೇ ತೆಗೆದುಕೊಂಡು ಈ ಸಣ್ಣ ಜನಾಂಗ, ನಮ್ಮ ನಿಷ್ಠೆ ಚಕ್ರವರ್ತಿಗಲ್ಲ, ನಮ್ಮ ದೇವರಿಗೆ ಅಂತ ಬರೆದುಕೊಂಡಿತು. ಧೈರ್ಯದ ಕೆಲಸವೇ. ಆದರೆ ಕರಾರು ಅಂದಮೇಲೆ ಎರಡೂ ಕಡೆಯವರು ಮಾತು ಉಳಿಸಿಕೊಳ್ಳಬೇಕಲ್ವಾ? ಯೋಷೀಯ ತನ್ನ ಭಾಗ ಉಳಿಸಿಕೊಂಡ. ಆಮೇಲೆ?

ಮೊದಲ ಉತ್ತರ: ತಾತನ ಸಾಲ

'ಅರಸುಗಳು' ಗ್ರಂಥ ಕೊಡುವ ಉತ್ತರ ಇದು: ಯೋಷೀಯ ಒಳ್ಳೆಯವನೇ, ಆದರೆ ಮನಸ್ಸೆ ಮಾಡಿದ ಪಾಪ ಎಷ್ಟಿತ್ತು ಅಂದ್ರೆ ದೇವರ ಕೋಪ ಇಳಿಯಲಿಲ್ಲ. ಬ್ಯಾಲೆನ್ಸ್ ಮುಂದಿನ ತಲೆಮಾರಿಗೆ ಬಂತು.

ಧರ್ಮೋಪದೇಶಕಾಂಡದಿಂದ 'ಅರಸುಗಳು' ತನಕ ಒಂದೇ ದೃಷ್ಟಿಯಲ್ಲಿ ಬರೆದ ಇತಿಹಾಸ ಅಂತ 1943ರಲ್ಲಿ ಜರ್ಮನಿಯ ಮಾರ್ಟಿನ್ ನೋತ್ ವಾದ ಮಂಡಿಸಿದ್ದರು. 1973ರಲ್ಲಿ ಅಮೆರಿಕದ ಫ್ರಾಂಕ್ ಮೂರ್ ಕ್ರಾಸ್ ಅದನ್ನು ತಿದ್ದಿ, ಇದಕ್ಕೆ ಎರಡು ಆವೃತ್ತಿಗಳಿವೆ ಅಂದರು. ಮೊದಲನೆಯದು ಯೋಷೀಯ ಬದುಕಿದ್ದಾಗ ಭರವಸೆಯಲ್ಲಿ ಬರೆದದ್ದು, ಎರಡನೆಯದು ಎಲ್ಲ ಸುಟ್ಟುಹೋದ ಮೇಲೆ ಸೇರಿಸಿದ್ದು. ಮನಸ್ಸೆಯ ಮೇಲೆ ತಪ್ಪು ಹೊರಿಸುವ ಭಾಗ ಎರಡನೆಯದಕ್ಕೆ ಸೇರಿದ್ದು. ಎಲ್ಲರೂ ಇದನ್ನು ಒಪ್ಪಲ್ಲ, ಚರ್ಚೆ ನಡೆಯುತ್ತಲೇ ಇದೆ. ಆದರೆ ಒಂದು ವಿಷಯ ಗಮನಿಸಿ. ನೆಮ್ಮದಿಯಾಗಿ ಸಮಾಧಿ ಸೇರುತ್ತೀಯ ಎಂಬ ಹುಲ್ದಾಳ ಮಾತು ಅಲ್ಲೇ ಉಳಿದಿದೆ. ಸಂಪಾದಕರಿಗೆ ಅದು ಮುಜುಗರದ ಸಾಲು. ತೆಗೆದುಹಾಕಬಹುದಿತ್ತು, ತೆಗೆಯಲಿಲ್ಲ.

ಎರಡನೇ ಉತ್ತರ: ಅವರವರ ಲೆಕ್ಕ ಅವರವರಿಗೆ

ಕ್ರಿ.ಪೂ. 597ರಲ್ಲಿ ಬಾಬಿಲೋನಿನ ನೆಬೂಕದ್ನೆಚ್ಚರ ಜೆರುಸಲೇಮನ್ನು ಹಿಡಿದು ರಾಜ, ಯಾಜಕರು, ಕಸುಬುದಾರರನ್ನು ಸಾಗಿಸಿಕೊಂಡು ಹೋದ. ಹತ್ತು ವರ್ಷದ ನಂತರ ಊರನ್ನೇ ಸುಟ್ಟ. ಸೆರೆ ಹೋದವರ ಮಕ್ಕಳು ಪರದೇಶದ ಕಾಲುವೆ ಪಕ್ಕ ಕೂತು ಒಂದು ಗಾದೆ ಹೇಳಿಕೊಳ್ಳುತ್ತಿದ್ದರು. ಹುಳಿ ದ್ರಾಕ್ಷಿ ತಿಂದವರು ಅಪ್ಪಂದಿರು, ಹಲ್ಲು ಜುಮ್ಮೆನ್ನುತ್ತಿರೋದು ಮಕ್ಕಳಿಗೆ ಅನ್ನೋ ಅರ್ಥದ್ದು. ಮನಸ್ಸೆ ಮಾಡಿದ್ದಕ್ಕೆ ನಾವ್ಯಾಕೆ ಅನುಭವಿಸಬೇಕು ಅನ್ನೋ ಸಿಟ್ಟು ಅದರಲ್ಲಿದೆ.

ಆ ಸೆರೆಯವರ ನಡುವೆಯೇ ಇದ್ದ ಪ್ರವಾದಿ ಯೆಹೆಜ್ಕೇಲ, ಇನ್ನು ಮೇಲೆ ಈ ಗಾದೆ ಎತ್ತಬೇಡಿ ಅಂದ. ಅವನ ಪುಸ್ತಕದ 18ನೇ ಅಧ್ಯಾಯದಲ್ಲಿ ಮೂರು ತಲೆಮಾರಿನ ಉದಾಹರಣೆ ಇದೆ: ಒಳ್ಳೆಯ ತಂದೆ, ಕೆಟ್ಟ ಮಗ, ಒಳ್ಳೆಯ ಮೊಮ್ಮಗ. ಒಬ್ಬೊಬ್ಬರಿಗೂ ಅವರವರು ಮಾಡಿದ್ದೇ ಲೆಕ್ಕ. ಕೆಟ್ಟವನು ತಿರುಗಿ ಒಳ್ಳೆಯವನಾದರೆ ಅವನ ಹಳೆಯದೆಲ್ಲ ಮಾಫ್. ಹೆಸರು ಹಾಕಿಲ್ಲ, ಆದರೂ ಆ ದಿನ ಕೇಳುತ್ತಿದ್ದವರಿಗೆ ಹಿಜ್ಕೀಯ, ಮನಸ್ಸೆ, ಯೋಷೀಯ ನೆನಪಿಗೆ ಬರದೇ ಇರೋಕೆ ಸಾಧ್ಯವೇ ಇಲ್ಲ ಅನಿಸುತ್ತೆ. ಮನೆತನದ ಪಾಪ ಹೊತ್ತು ಕುಸಿದಿದ್ದ ಜನರಿಗೆ ಇದು ದೊಡ್ಡ ಬಿಡುಗಡೆ. ಆದರೆ ಒಂದು ಕಂಟಕವೂ ಇದೆ. ಅವರವರ ಲೆಕ್ಕ ಅವರವರಿಗೇ ಅಂದಮೇಲೆ ಯೋಷೀಯನ ಸಾವನ್ನು ಇನ್ನು ತಾತನ ಮೇಲೆ ಹಾಕೋ ಹಾಗಿಲ್ಲ.

ಮೂರನೇ ಉತ್ತರ: ಕಥೆಯನ್ನೇ ತಿದ್ದು

ಸುಮಾರು ಕ್ರಿ.ಪೂ. 4ನೇ ಶತಮಾನದಲ್ಲಿ ಇದೇ ಇತಿಹಾಸವನ್ನು ಇನ್ನೊಬ್ಬ ಲೇಖಕ ಮತ್ತೆ ಬರೆದ. ಅದೇ 'ಪೂರ್ವಕಾಲವೃತ್ತಾಂತ'. ಅದರಲ್ಲಿ ಅಸ್ಸೀರಿಯಾದ ಸೇನಾಪತಿಗಳು ಮನಸ್ಸೆಗೆ ಕೊಕ್ಕೆ ಹಾಕಿ, ಸಂಕೋಲೆ ಬಿಗಿದು ಬಾಬಿಲೋನಿಗೆ ಎಳೆದುಕೊಂಡು ಹೋಗುತ್ತಾರೆ. ಅಲ್ಲಿ ಅವನು ಪಶ್ಚಾತ್ತಾಪಪಟ್ಟು ಪ್ರಾರ್ಥಿಸುತ್ತಾನೆ, ದೇವರು ವಾಪಸ್ ಕರೆತರುತ್ತಾನೆ, ಬಂದವನು ವಿಗ್ರಹಗಳನ್ನು ತೆಗೆಸುತ್ತಾನೆ. ಸರಿ, 55 ವರ್ಷ ಸಿಕ್ಕಿದ್ದಕ್ಕೆ ಕಾರಣ ಸಿಕ್ತು!

ಯೋಷೀಯನ ಕಥೆಗೂ ಹೊಸ ವಿವರ ಸೇರಿತು. ನೆಕೋ ದೂತರನ್ನು ಕಳಿಸಿ, ನನಗೂ ನಿನಗೂ ಜಗಳ ಇಲ್ಲ, ದೇವರೇ ನನ್ನನ್ನು ಅವಸರಪಡಿಸಿದ್ದಾನೆ, ಅಡ್ಡ ಬರಬೇಡ ಅಂತ ಹೇಳಿಸುತ್ತಾನೆ. ಯೋಷೀಯ ಕೇಳಲಿಲ್ಲ, ಮಾರುವೇಷದಲ್ಲಿ ಯುದ್ಧಕ್ಕೆ ಇಳಿದ, ಬಿಲ್ಲುಗಾರರ ಬಾಣ ತಗುಲಿತು. ಅಂದ್ರೆ ದೇವರ ಮಾತು ಮೀರಿದ್ದಕ್ಕೆ ಸತ್ತ. ಇಬ್ಬರ ಲೆಕ್ಕವೂ ಈಗ ಪೈಸೆ ಪೈಸೆ ತಾಳೆ.

ಸಿಕ್ಕಿರುವ ಅಸ್ಸೀರಿಯಾದ ದಾಖಲೆಗಳಲ್ಲಿ ಮನಸ್ಸೆ ದಂಗೆ ಎದ್ದ ಸುದ್ದಿಯೂ ಇಲ್ಲ, ಸೆರೆ ಸಿಕ್ಕ ಸುದ್ದಿಯೂ ಇಲ್ಲ. ಹಾಗಂತ ಲೇಖಕನನ್ನು ಸುಳ್ಳುಗಾರ ಅಂತ ಬೈಯೋದರಲ್ಲಿ ಅರ್ಥ ಇಲ್ಲ. ಅವನಿಗೆ ನಿಯಮ ಸತ್ಯ, ಹಾಗಾಗಿ ಘಟನೆಯಲ್ಲೇ ಏನೋ ಬಿಟ್ಟುಹೋಗಿರಬೇಕು. ಪ್ರೊಡಕ್ಷನ್‌ನಲ್ಲಿ ಸಿಸ್ಟಮ್ ಬಿದ್ದಾಗ ಡಿಸೈನ್ ಸರಿಯಾಗೇ ಇದೆ, ಡೇಟಾ ತಪ್ಪಿರಬೇಕು ಅನ್ನುವವರನ್ನು ನಾವೆಲ್ಲ ನೋಡಿದ್ದೇವೆ.

ನಾಲ್ಕನೇ ಉತ್ತರ: ಯೋಬ

ಹೀಗೆ ತಾಳೆ ಹಾಕುವವರ ಎದುರು ನಿಂತು ಕೂಗುವ ಪುಸ್ತಕವೂ ಅದೇ ಬೈಬಲ್ಲಿನಲ್ಲಿದೆ. ಅದು ಯೋಬನ ಗ್ರಂಥ. ಅನೇಕ ವಿದ್ವಾಂಸರು ಇದನ್ನು ಬಾಬಿಲೋನ್ ಸೆರೆಯ ನಂತರದ ಶತಮಾನಗಳಿಗೆ ಸೇರಿಸುತ್ತಾರೆ. ಈ ಪ್ರಶ್ನೆ ಇವರೊಬ್ಬರದ್ದೇ ಅಲ್ಲ. ಮೆಸೊಪೊಟೇಮಿಯಾದಲ್ಲಿ ಇದಕ್ಕಿಂತ ಹಳೆಯದಾದ ಒಂದು ಅಕ್ಕಾಡಿಯನ್ ಕಾವ್ಯದಲ್ಲೂ ಕಷ್ಟದಲ್ಲಿರುವವನೊಬ್ಬ ಸ್ನೇಹಿತನ ಜೊತೆ ಇದೇ ವಾದ ಮಾಡುತ್ತಾನೆ.

ಯೋಬ ನಿರ್ದೋಷಿ. ಅದನ್ನು ಪುಸ್ತಕ ಮೊದಲ ಸಾಲಿನಲ್ಲೇ ಹೇಳಿಬಿಡುತ್ತೆ. ಆಸ್ತಿ ಹೋಯಿತು, ಹತ್ತು ಮಕ್ಕಳು ಸತ್ತರು, ಮೈ ತುಂಬಾ ಹುಣ್ಣು. ಮೂವರು ಸ್ನೇಹಿತರು ಬಂದು ಏಳು ದಿನ ಸುಮ್ಮನೆ ಪಕ್ಕದಲ್ಲಿ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಸಮಾಧಾನ ಅಲ್ಲ, ವಿಚಾರಣೆ ಶುರು: ನೀನು ಏನೋ ಮಾಡಿರಲೇಬೇಕು, ಯೋಚನೆ ಮಾಡು. ಯೋಬ ಒಪ್ಪಲ್ಲ. ದುಷ್ಟರು ಮುದುಕರಾಗುವ ತನಕ ಸುಖವಾಗಿ ಬಾಳಿ ನೆಮ್ಮದಿಯಾಗಿ ಸಾಯುತ್ತಾರೆ, ಕಣ್ಣು ತೆರೆದು ನೋಡಿ ಅಂತ 21ನೇ ಅಧ್ಯಾಯದಲ್ಲಿ ವಾದಿಸುತ್ತಾನೆ. ಕೊನೆಗೆ ಬಿರುಗಾಳಿಯೊಳಗಿಂದ ಮಾತಾಡುವ ದೇವರು ಯೋಬನಿಗೆ ಕಾರಣ ಹೇಳಲ್ಲ. ಆದರೆ ಆ ಮೂವರು ತನ್ನ ಬಗ್ಗೆ ಸರಿಯಾಗಿ ಮಾತಾಡಲಿಲ್ಲ, ಯೋಬನೇ ಸರಿ ಅನ್ನುತ್ತಾನೆ. ಆಮೇಲೆ ಕುರಿ, ಒಂಟೆ, ಎತ್ತು ಎಲ್ಲ ಎರಡರಷ್ಟು ವಾಪಸ್ ಬರುತ್ತೆ. ಮಕ್ಕಳು ಮಾತ್ರ ಮತ್ತೆ ಹತ್ತೇ. ಸತ್ತವರು ಬರಲಿಲ್ಲ.

ಈ ಮೂವರು ಸ್ನೇಹಿತರು ನಮಗೆ ದೂರದವರಲ್ಲ. ಯಾವುದೋ ಕಂಪನಿಯಲ್ಲಿ ಲೇಆಫ್ ಆಗುತ್ತೆ. ಕೆಲಸ ಹೋದವನ ಹೆಸರು ಕೇಳಿದ ಮರುಕ್ಷಣ, 'ಅವನ ರೇಟಿಂಗ್ ಹೇಗಿತ್ತು?' 'ಅಪ್‌ಸ್ಕಿಲ್ ಮಾಡ್ಕೊಂಡಿರಲಿಲ್ಲ ಅನ್ಸುತ್ತೆ' ಅಂತ ಮಾತು ಶುರು. ಒಂದು ಇಡೀ ಪ್ರಾಜೆಕ್ಟ್ ಮುಚ್ಚಿ ಹೋಗಿರುತ್ತೆ, ಅವನ ತಪ್ಪು ಏನೂ ಇರಲ್ಲ. ಆದರೂ ಕಾರಣ ಹುಡುಕ್ತೀವಿ. ಯಾಕಂದ್ರೆ ಅವನಲ್ಲಿ ತಪ್ಪು ಸಿಕ್ಕಿದರೆ, ಆ ತಪ್ಪು ಮಾಡದ ನಾವು ಸೇಫ್ ಅಂತ ಧೈರ್ಯ ಬರುತ್ತೆ. ಯೋಬನ ಸ್ನೇಹಿತರು ಕಾಪಾಡುತ್ತಿದ್ದದ್ದು ದೇವರನ್ನಲ್ಲ, ತಮ್ಮ ನಿದ್ದೆಯನ್ನು.

ಐದನೇ ಉತ್ತರ: ಸಾವಿನ ಆಚೆ

ಇಷ್ಟಾದರೂ ಲೆಕ್ಕ ಈ ಲೋಕದಲ್ಲೇ ಇತ್ತು. ಅದು ಪೂರ್ತಿ ಮುರಿದುಬಿದ್ದದ್ದು ಕ್ರಿ.ಪೂ. 167ರಲ್ಲಿ. ಸಿರಿಯಾದಿಂದ ಆಳುತ್ತಿದ್ದ ಗ್ರೀಕ್ ರಾಜ ನಾಲ್ಕನೇ ಆಂಟಿಯೋಕಸ್ ಯೆಹೂದಿ ಧರ್ಮದ ಆಚರಣೆಯನ್ನೇ ನಿಷೇಧಿಸಿದ. ಮಗುವಿಗೆ ಸುನ್ನತಿ ಮಾಡಿಸಿದರೆ ಮರಣ, ಸಬ್ಬತ್ ಆಚರಿಸಿದರೆ ಮರಣ. 'ಎರಡನೇ ಮಕ್ಕಬಿಯರು' ಎಂಬ ಗ್ರಂಥದಲ್ಲಿ 90 ವರ್ಷದ ಎಲಿಯಾಜರ ಹಂದಿಮಾಂಸ ತಿನ್ನಲು ಒಪ್ಪದೆ ಸಾಯುತ್ತಾನೆ. ಒಬ್ಬ ತಾಯಿಯ ಕಣ್ಣೆದುರೇ ಅವಳ ಏಳು ಮಕ್ಕಳನ್ನು ಚಿತ್ರಹಿಂಸೆ ಕೊಟ್ಟು ಕೊಲ್ಲುತ್ತಾರೆ, ಕೊನೆಗೆ ಅವಳೂ ಸಾಯುತ್ತಾಳೆ.

ಇಲ್ಲಿ ವ್ಯತ್ಯಾಸ ನೋಡಿ. ಯೋಷೀಯ ಒಳ್ಳೆಯವನಾಗಿದ್ದೂ ಸತ್ತ. ಇವರು ಒಳ್ಳೆಯವರಾಗಿದ್ದಕ್ಕೇ ಸತ್ತರು. ಆಜ್ಞೆ ಮುರಿದವರು ಬದುಕಿದರು, ಪಾಲಿಸಿದವರು ಹೆಣವಾದರು. ತಾತನ ಪಾಪ ಅನ್ನೋಕಾಗಲ್ಲ, ಗುಟ್ಟಾಗಿ ಏನೋ ತಪ್ಪು ಮಾಡಿರಬೇಕು ಅನ್ನೋಕೂ ಆಗಲ್ಲ. ದಾನಿಯೇಲನ ಗ್ರಂಥದ ಕೊನೆಯ ಭಾಗ ಈ ಹಿಂಸೆಯ ದಿನಗಳಲ್ಲೇ ರೂಪುಗೊಂಡಿತು ಅಂತ ಬಹುಪಾಲು ವಿದ್ವಾಂಸರು ಹೇಳುತ್ತಾರೆ. ಅದರ 12ನೇ ಅಧ್ಯಾಯದಲ್ಲಿ ಹೀಬ್ರೂ ಬೈಬಲ್ಲಿನಲ್ಲೇ ಮೊದಲ ಬಾರಿಗೆ ಸ್ಪಷ್ಟವಾಗಿ ಒಂದು ಮಾತು ಬರುತ್ತೆ: ಮಣ್ಣಿನಲ್ಲಿ ಮಲಗಿದವರಲ್ಲಿ ಅನೇಕರು ಏಳುತ್ತಾರೆ, ಕೆಲವರು ನಿತ್ಯಜೀವಕ್ಕೆ, ಕೆಲವರು ನಿತ್ಯ ಅವಮಾನಕ್ಕೆ. ಹನೋಕನ ಹೆಸರಿನ ಗ್ರಂಥದಲ್ಲಿ ಇದಕ್ಕಿಂತ ಸ್ವಲ್ಪ ಮುಂಚೆಯೇ ಸತ್ತವರ ಆತ್ಮಗಳಿಗೆ ಬೇರೆ ಬೇರೆ ಕೋಣೆಗಳ ವರ್ಣನೆ ಇತ್ತು. ಅದರ ಅರಾಮಿಕ್ ತುಣುಕುಗಳು ಮೃತ ಸಮುದ್ರದ ಪಕ್ಕದ ಕುಮ್ರಾನ್ ಗುಹೆಗಳಲ್ಲಿ ಸಿಕ್ಕಿವೆ. ಎಲ್ಲರಿಗೂ ಒಂದೇ ಆಗಿದ್ದ ಷಿಯೋಲ್ ಈಗ ಇಬ್ಭಾಗವಾಯಿತು.

ಇದನ್ನೂ ಎಲ್ಲರೂ ಒಪ್ಪಲಿಲ್ಲ. ಇನ್ನೂರು ವರ್ಷದ ನಂತರವೂ ಫರಿಸಾಯರು ಪುನರುತ್ಥಾನ ಉಂಟು ಅನ್ನುತ್ತಿದ್ದರು, ದೇವಾಲಯದ ಅಧಿಕಾರ ಹಿಡಿದಿದ್ದ ಸದ್ದುಕಾಯರು ಇಲ್ಲ ಅನ್ನುತ್ತಿದ್ದರು. ಈ ಲೋಕದಲ್ಲೇ ಲೆಕ್ಕ ಸರಿಹೋಗಿದ್ದವರಿಗೆ ಇನ್ನೊಂದು ಲೋಕದ ಅಗತ್ಯ ಕಾಣದೇ ಇದ್ದದ್ದು ಸಹಜ.

ಎರಡು ಜಾಗಗಳು

ಈಗ ಮತ್ತೆ ತಾತ, ಮೊಮ್ಮಗನ ಹತ್ತಿರ ಬರೋಣ. ಮನಸ್ಸೆ ಮಕ್ಕಳನ್ನು ಬೆಂಕಿಗೆ ಕೊಟ್ಟದ್ದು ಜೆರುಸಲೇಮಿನ ಪಕ್ಕದ ಹಿನ್ನೋಮ್ ಕಣಿವೆಯಲ್ಲಿ ಅಂತ 'ಪೂರ್ವಕಾಲವೃತ್ತಾಂತ' ಹೇಳುತ್ತೆ. ಹೀಬ್ರೂನಲ್ಲಿ ಅದು ಗೇ ಹಿನ್ನೋಮ್. ಯೋಷೀಯ ಆ ಜಾಗವನ್ನು ಹೊಲೆಮಾಡಿ, ಮತ್ತೆ ಯಾರೂ ಅಲ್ಲಿ ಮಕ್ಕಳನ್ನು ಸುಡದ ಹಾಗೆ ಮಾಡಿದ. ದುಷ್ಟರಿಗೆ ಸಾವಿನ ಆಚೆ ಒಂದು ಜಾಗ ಬೇಕು ಅಂದಾಗ ಆ ಜನಕ್ಕೆ ನೆನಪಾದದ್ದು ಈ ಕಣಿವೆಯ ಹೆಸರು. ಗ್ರೀಕ್‌ನಲ್ಲಿ ಗೆಹೆನ್ನಾ, ಅರಬ್ಬಿಯಲ್ಲಿ ಜಹನ್ನಮ್. ಹೈದರಾಬಾದಿನಲ್ಲೋ ದೆಹಲಿಯಲ್ಲೋ ಯಾರಾದರೂ ಸಿಟ್ಟಿನಲ್ಲಿ 'ಜಹನ್ನುಮ್ ಮೇ ಜಾಯೇ' ಅಂದ್ರೆ ಅವರು ಹೇಳ್ತಿರೋದು ಜೆರುಸಲೇಮಿನ ಒಂದು ಕಣಿವೆಯ ಹೆಸರು. ಅಲ್ಲಿ ಸದಾ ಕಸ ಸುಡುತ್ತಿದ್ದರು, ಅದಕ್ಕೇ ನರಕದ ಕಲ್ಪನೆ ಬಂತು ಅಂತ ಒಂದು ಕಥೆ ಓಡಾಡುತ್ತೆ. ಅದು ಸುಮಾರು ಕ್ರಿ.ಶ. 1200ರ ಹೊತ್ತಿನ ಬರಹದಿಂದ ಬಂದದ್ದು, ಹಳೆಯ ಕಾಲದ ಆಧಾರ ಇಲ್ಲ.

ಯೋಷೀಯ ಬಿದ್ದ ಮೆಗಿದ್ದೋ? ಹರ್ ಮೆಗಿದ್ದೋ, ಅಂದ್ರೆ ಮೆಗಿದ್ದೋ ಬೆಟ್ಟ. ಹೊಸ ಒಡಂಬಡಿಕೆಯ ಕೊನೆಯ ಪುಸ್ತಕದಲ್ಲಿ ಅಂತಿಮ ಯುದ್ಧಕ್ಕೆ ರಾಜರು ಸೇರುವ ಜಾಗ ಅದು: ಹರ್ಮಗೆದೋನ್. 1998ರ ಹಾಲಿವುಡ್ ಸಿನಿಮಾ 'ಆರ್ಮಗೆಡ್ಡಾನ್' ಹೆಸರು ಬಂದದ್ದು ಅಲ್ಲಿಂದಲೇ. ದುಷ್ಟ ರಾಜ ಮಕ್ಕಳನ್ನು ಸುಟ್ಟ ಜಾಗ ನರಕದ ಹೆಸರಾಯಿತು. ಒಳ್ಳೆಯ ರಾಜ ಅನ್ಯಾಯವಾಗಿ ಸತ್ತ ಜಾಗ ಕೊನೆಯ ಯುದ್ಧದ ಹೆಸರಾಯಿತು. ತಾಳೆಯಾಗದ ಎರಡು ಲೆಕ್ಕಗಳನ್ನು ಇತಿಹಾಸದ ಕೊನೆಯ ಪುಟಕ್ಕೆ ಬರೆದಿಟ್ಟ ಹಾಗೆ ನನಗೆ ಕಾಣುತ್ತೆ.

1979ರಲ್ಲಿ ಅದೇ ಹಿನ್ನೋಮ್ ಕಣಿವೆಯ ಅಂಚಿನ ಒಂದು ಸಮಾಧಿಯಲ್ಲಿ ಗೇಬ್ರಿಯಲ್ ಬಾರ್ಕೈ ಅವರ ತಂಡಕ್ಕೆ ಬೆಳ್ಳಿಯ ಎರಡು ಪುಟ್ಟ ಸುರುಳಿಗಳು ಸಿಕ್ಕವು. ಬಹುಶಃ ತಾಯಿತದ ಹಾಗೆ ಧರಿಸಿದ್ದವು. ಯೋಷೀಯನ ಕಾಲದಿಂದ ಹೆಚ್ಚು ದೂರವಿಲ್ಲದವು ಅಂತ ಅಕ್ಷರದ ರೂಪ ನೋಡಿ ಅಂದಾಜು ಮಾಡಿದ್ದಾರೆ. ಬೈಬಲ್ಲಿನ ಮಾತು ಇರುವ, ಇದುವರೆಗೆ ಸಿಕ್ಕಿರುವ ಅತ್ಯಂತ ಹಳೆಯ ಬರಹ ಅದು. ಅದರಲ್ಲಿ ಶಾಪ ಇಲ್ಲ, ತೀರ್ಪು ಇಲ್ಲ. ದೇವರು ಹರಸಲಿ, ಕಾಪಾಡಲಿ, ಶಾಂತಿ ಕೊಡಲಿ ಎಂಬ ಹಾರೈಕೆ ಅಷ್ಟೇ. ಅದನ್ನು ಧರಿಸಿದವರು ಒಳ್ಳೆಯವರೋ ಕೆಟ್ಟವರೋ ನಮಗೇನು ಗೊತ್ತು?

ಈ ಐದು ಉತ್ತರಗಳಲ್ಲಿ ಯಾವುದು ಸರಿ ಅಂತ ತೀರ್ಮಾನ ಕೊಡೋದು ಇತಿಹಾಸದ ಕೆಲಸ ಅಲ್ಲ, ನಂಬುವವರ ಆಯ್ಕೆ. ಆದರೆ ಹೊಸ ಉತ್ತರ ಬಂದಾಗ ಹಳೆಯದನ್ನು ಯಾರೂ ಡಿಲೀಟ್ ಮಾಡಲಿಲ್ಲ ಅನ್ನೋದು ಮಾತ್ರ ಕಣ್ಣಿಗೆ ಕಾಣುವ ಸಂಗತಿ. 'ಅರಸುಗಳು' ಮತ್ತು 'ಪೂರ್ವಕಾಲವೃತ್ತಾಂತ' ಎರಡೂ ಒಂದೇ ಗ್ರಂಥದಲ್ಲಿವೆ. ಮೊದಲನೇ ಕೀರ್ತನೆಯೂ ಇದೆ, ಅದನ್ನು ಪ್ರಶ್ನಿಸುವ ಯೋಬನೂ ಇದ್ದಾನೆ. ಒಳ್ಳೆಯವರಿಗೆ ಒಳ್ಳೆಯದಾಗಲೇಬೇಕು ಎಂಬ ಹಟವನ್ನು ಆ ಜನ ಬಿಡಲಿಲ್ಲ. ಆಗದೇ ಹೋದದ್ದನ್ನು ಬಚ್ಚಿಡಲೂ ಇಲ್ಲ. ಆ ಹಟ ಹೋದರೆ ನ್ಯಾಯ ಕೇಳುವವರೇ ಇರಲ್ಲ. ಬಚ್ಚಿಡೋಕೆ ಶುರುಮಾಡಿದರೆ ನೊಂದವರನ್ನೇ ಅಪರಾಧಿ ಮಾಡ್ತೀವಿ.

ಮುಂದಿನ ಸಲ ಕಷ್ಟದಲ್ಲಿರುವ ಯಾರದ್ದೋ ಸುದ್ದಿ ಬಂದಾಗ ಕಾರಣ ಹುಡುಕೋಕೆ ಮುಂಚೆ ಆ ಸ್ನೇಹಿತರ ಮೊದಲ ಏಳು ದಿನ ನೆನಪಿಸಿಕೊಳ್ಳಿ. ಸುಮ್ಮನೆ ಪಕ್ಕದಲ್ಲಿ ಕೂತರೂ ಸಾಕು.